ಕೆಲಸದಲ್ಲಿದ್ದುಕೊಂಡೇ ಇಂಟರ್‌ವ್ಯೂ: ವೇಳೆ ಹೊಂದಿಸುವ ಬಗೆ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇಂಟರ್‌ವ್ಯೂ ಒಂದೇ ದಿನಕ್ಕೆ ಮುಗಿಯುವುದು ಅಪರೂಪ. ಮೊದಲು ಹೆಚ್‌ಆರ್‌ನವರ ಫೋನು, ಆಮೇಲೆ ಆನ್‌ಲೈನ್ ಪರೀಕ್ಷೆ, ಒಂದೆರಡು ಟೆಕ್ನಿಕಲ್ ರೌಂಡು, ಮ್ಯಾನೇಜರ್ ರೌಂಡು, ಕೊನೆಗೆ ಸಂಬಳದ ಮಾತು. ಪರೀಕ್ಷೆಯೊಂದನ್ನು ಬಿಟ್ಟರೆ ಬಹುಮಟ್ಟಿಗೆ ಎಲ್ಲವೂ ವಾರದ ದಿನಗಳಲ್ಲೇ, ನೀವು ಈಗಿನ ಆಫೀಸಿನಲ್ಲಿ ಕೂತಿರುವ ಹೊತ್ತಿಗೇ ಬರುತ್ತವೆ.

ರಜೆಯ ಲೆಕ್ಕ ಚುಟುಕಾಗಿ ಹೇಳಿಬಿಡುತ್ತೇನೆ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 15ನೇ ಕಲಮಿನಂತೆ, 20 ದಿನ ದುಡಿದರೆ 1 ದಿನದ ಗಳಿಕೆ ರಜೆ. ಅದರ ಜೊತೆಗೆ ವರ್ಷಕ್ಕೆ 12 ದಿನಗಳವರೆಗೆ ಸಂಬಳಸಹಿತ ರಜೆ ಇದೆ: ಕಾಯಿಲೆಗೆ, ಅಪಘಾತಕ್ಕೆ ಅಥವಾ ಬೇರೆ ಯಾವುದೇ ಸಮಂಜಸ ಕಾರಣಕ್ಕೆ. ಈ ಕೊನೆಯ ಮಾತು ಮುಖ್ಯ. ಇಲ್ಲದ ಜ್ವರವನ್ನೋ ಊರಲ್ಲಿರುವ ಅಜ್ಜಿಯ ಅನಾರೋಗ್ಯವನ್ನೋ ಹುಟ್ಟಿಸಬೇಡಿ. ‘ಸ್ವಂತ ಕೆಲಸವಿದೆ, ಅರ್ಧ ದಿನ ರಜೆ ಬೇಕು’ ಎಂದರೆ ಸಾಕು, ಅದು ನಿಜವೂ ಹೌದು.

ಇನ್ನು ಬಹುತೇಕರು ಎಡವುವ ಜಾಗಕ್ಕೆ ಬರೋಣ. ‘ನಾಳೆ 11ಕ್ಕೆ ಆಗುತ್ತಾ?’ ಎಂದು ಹೆಚ್‌ಆರ್ ಕೇಳಿದರೆ ಆಗುವುದಿಲ್ಲ ಎನ್ನಲು ಹೆದರಿಕೆ. ಹಾಗಂದರೆ ಆಸಕ್ತಿ ಇಲ್ಲವೆಂದು ತಿಳಿದಾರು, ಅವಕಾಶ ತಪ್ಪೀತು ಎಂಬ ಭಯ. ಆ 11 ಗಂಟೆ ಎಲ್ಲಿಂದ ಬಂತು ಎಂದು ತಿಳಿದರೆ ಭಯ ಅರ್ಧಕ್ಕರ್ಧ ಇಳಿಯುತ್ತದೆ.

ನಿಮ್ಮನ್ನು ಪ್ರಶ್ನಿಸುವ ಪ್ಯಾನೆಲ್‌ನವರು ಇಂಟರ್‌ವ್ಯೂ ಮಾಡಲೆಂದೇ ಕೂತವರಲ್ಲ. ಅವರೂ ನಿಮ್ಮಂತೆ ಪೂರ್ಣಾವಧಿ ಕೆಲಸದವರು, ಅವರಿಗೂ ಮೀಟಿಂಗು, ಮುಗಿಸಬೇಕಾದ ಕೋಡು ಇವೆ. ಹೆಚ್‌ಆರ್‌ನವರು ಅವರ ಕ್ಯಾಲೆಂಡರ್ ತೆರೆದು ಕಣ್ಣಿಗೆ ಬಿದ್ದ ಮೊದಲ ಖಾಲಿ ಜಾಗವನ್ನು ನಿಮ್ಮ ಮುಂದಿಡುತ್ತಾರೆ. ಅದೇ ಕ್ಯಾಲೆಂಡರಿನಲ್ಲಿ ಸಂಜೆ 6:30 ಕೂಡ ಖಾಲಿ ಇದ್ದೀತು. ಯಾರೂ ಕೇಳಿಲ್ಲ, ಅಷ್ಟೇ. ಮದುವೆಗೆ ದಿನ ಗೊತ್ತುಮಾಡುವಾಗ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು, ಛತ್ರ ಮೂರೂ ಕೂಡಿಬರಬೇಕಲ್ಲ, ಇದೂ ಹಾಗೆಯೇ. ಮೊದಲು ಹೇಳಿದ ದಿನವೇ ನಿಲ್ಲಬೇಕೆಂದು ಅಲ್ಲಿ ಯಾರೂ ನಿರೀಕ್ಷಿಸುವುದಿಲ್ಲ.

ಆದರೆ ಬರಿದೇ ‘11ಕ್ಕೆ ಆಗಲ್ಲ’ ಎಂದರೆ ಹೆಚ್‌ಆರ್‌ನವರು ಬರಿಗೈಯಲ್ಲಿ ಪ್ಯಾನೆಲ್ ಬಳಿಗೆ ಹೋಗಬೇಕು. ಬದಲಿಗೆ ಹೀಗೆ ಬರೆಯಿರಿ: ‘ಆಫೀಸ್ ಕೆಲಸವಿರುವುದರಿಂದ ನಾಳೆ 11ಕ್ಕೆ ಬಿಡುವಿಲ್ಲ. ಬುಧವಾರ ಬೆಳಗ್ಗೆ 8:30ರಿಂದ 9:30, ಗುರುವಾರ ಸಂಜೆ 6:30ರ ಮೇಲೆ, ಶುಕ್ರವಾರ ಬೆಳಗ್ಗೆ 8ರಿಂದ 9, ಈ ಮೂರರಲ್ಲಿ ಯಾವುದಾದರೂ ಸರಿ.’ ಮೂರು ಸ್ಲಾಟ್ ಕೈಗೆ ಸಿಕ್ಕರೆ ಅವರು ಒಂದೇ ಸಲಕ್ಕೆ ಹೊಂದಿಸಿ ಮುಗಿಸುತ್ತಾರೆ. ಮೂರೂ ಎರಡು ಮೂರು ದಿನಗಳ ಒಳಗಿರಲಿ; ವಾರಗಟ್ಟಲೆ ಮುಂದೂಡಿದರೆ ಹುದ್ದೆ ಬೇರೆಯವರ ಪಾಲಾಗುವುದು ನಿಜ.

ನೋಟಿಸ್ ಪೀರಿಯಡ್ಡನ್ನೂ ಇಲ್ಲೇ ಸೇರಿಸಿ ನೋಡಿ. ನಮ್ಮ ಐಟಿ ವಲಯದಲ್ಲಿ 60 ಅಥವಾ 90 ದಿನ ಸಾಮಾನ್ಯ. ನೀವು ಆಯ್ಕೆಯಾದರೂ ಹೊಸ ಸೀಟಿನಲ್ಲಿ ಕೂರುವುದು ಎರಡು ಮೂರು ತಿಂಗಳ ಮೇಲೆ. ಅಷ್ಟು ಕಾಯಲು ಒಪ್ಪಿ ನಿಮ್ಮನ್ನು ಕರೆದವರಿಗೆ ಒಂದು ರೌಂಡು ಎರಡು ದಿನ ಆಚೆಗೆ ಹೋದರೆ ಭಾರವಾಗದು. ಇದನ್ನು ವಿವರಿಸಿದಾಗಲೆಲ್ಲ ಎದುರಿಗಿದ್ದವರ ಮುಖ ಹಗುರಾಗುವುದನ್ನು ಕಂಡಿದ್ದೇನೆ, ಹಾಗಾಗಿಯೇ ಇಷ್ಟು ಒತ್ತಿ ಹೇಳುತ್ತಿರುವುದು.

ಯಾವ ರೌಂಡಿಗೆ ಯಾವ ಹೊತ್ತು? ಮೊದಲ ಫೋನು ಡೆಸ್ಕಿನಲ್ಲಿದ್ದಾಗಲೇ ಬಂದರೆ, ‘ಮೇಡಂ, ಆಫೀಸಲ್ಲಿದ್ದೀನಿ, 1:15ಕ್ಕೆ ನಾನೇ ಫೋನ್ ಮಾಡ್ಲಾ?’ ಎಂದು ಕೇಳಿ, ಊಟದ ಬಿಡುವಿನಲ್ಲಿ ಕಟ್ಟಡದ ಹೊರಗೆ ಹೋಗಿ ಮಾತಾಡಿ. ಆನ್‌ಲೈನ್ ಪರೀಕ್ಷೆಗೆ ಹಲವೊಮ್ಮೆ ಕೆಲವು ದಿನಗಳ ಗಡುವಿರುತ್ತದೆ. ಶನಿವಾರ ಬೆಳಗ್ಗೆಗೆ ಇಟ್ಟುಕೊಳ್ಳಿ. ಟೆಕ್ನಿಕಲ್ ರೌಂಡಿಗೆ ಬೆಳಗಿನ ಹೊತ್ತೇ ಮೇಲು, ಸಂಜೆಗೆ ತಲೆ ದಣಿದಿರುತ್ತದೆ. ಆಫೀಸಿನ ಲ್ಯಾಪ್‌ಟಾಪು, ಮೇಲ್, ವೈಫೈ ಮೂರನ್ನೂ ಇದಕ್ಕೆ ಮುಟ್ಟಬೇಡಿ.

ರಜೆಯನ್ನು ಮುಖಾಮುಖಿ ರೌಂಡಿಗೆ ಉಳಿಸಿಕೊಳ್ಳಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ವೈಟ್‌ಫೀಲ್ಡಿನಲ್ಲಿ 4 ಗಂಟೆಗೆ ಇಂಟರ್‌ವ್ಯೂ ಎಂದುಕೊಳ್ಳಿ. ರಸ್ತೆಯಲ್ಲಿ ಹೋದರೆ ಸಿಲ್ಕ್ ಬೋರ್ಡ್, ಮಾರತ್ತಹಳ್ಳಿ ದಾಟುವುದಕ್ಕೆ ಎಷ್ಟು ಹೊತ್ತೆಂದು ಲೆಕ್ಕಕ್ಕೇ ಸಿಗದು. ಮೆಟ್ರೋದಲ್ಲಾದರೆ ಹಳದಿ ಮಾರ್ಗದಲ್ಲಿ ಆರ್.ವಿ. ರೋಡಿಗೆ, ಅಲ್ಲಿ ಹಸಿರು ಮಾರ್ಗ ಹಿಡಿದು ಮೆಜೆಸ್ಟಿಕ್‌ಗೆ, ಮತ್ತೆ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡಿಗೆ. ಸುತ್ತು ದೊಡ್ಡದು, ಆದರೂ ವೇಳೆ ಊಹಿಸಬಹುದು. ಹೇಗೆ ಹೋದರೂ ‘ಒಂದು ತಾಸು ಹೊರಗೆ ಹೋಗಿ ಬರ್ತೀನಿ’ ಎನ್ನುವ ಕೆಲಸವಲ್ಲ. ಅರ್ಧ ದಿನ ರಜೆ ಹಾಕಿ, ಉಳಿದ ರೌಂಡನ್ನೂ ಅದೇ ಮಧ್ಯಾಹ್ನ ಮುಗಿಸಬಹುದೇ ಎಂದು ಕೇಳಿ. ಕೇಳಿದರೆ ಹಲವರು ಒಪ್ಪುತ್ತಾರೆ.

ಅಮೆರಿಕದವರ ಜೊತೆ ರೌಂಡು ಇದ್ದರೆ ಇನ್ನೊಂದು ತೊಡಕಿದೆ. ಅಲ್ಲಿನ ಬಹುಪಾಲು ರಾಜ್ಯಗಳಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಿಡುತ್ತಾರೆ. ನಾವು ಬದಲಿಸುವುದಿಲ್ಲ. ಕ್ಯಾಲಿಫೋರ್ನಿಯಾದ ಬೆಳಗಿನ 9 ಗಂಟೆ ಜುಲೈನಲ್ಲಿ ನಮಗೆ ರಾತ್ರಿ 9:30, ಡಿಸೆಂಬರಿನಲ್ಲಿ 10:30. ಆ ಎರಡು ಭಾನುವಾರಗಳ ಆಸುಪಾಸಿನಲ್ಲಿ ಇಂಟರ್‌ವ್ಯೂ ಬಿದ್ದರೆ ಭಾರತೀಯ ಕಾಲಮಾನದಲ್ಲೇ ವೇಳೆಯನ್ನು ಬರೆದು ಖಚಿತಪಡಿಸಿಕೊಳ್ಳಿ.

ಇಷ್ಟೂ ಹೇಳಿದ್ದು ಮೇಜಿನ ಮುಂದೆ ಕೂತು ದುಡಿಯುವವರಿಗೆ. ರಾತ್ರಿ ಪಾಳಿಯ ನರ್ಸ್ ಬೆಳಗ್ಗೆ 10ರ ಇಂಟರ್‌ವ್ಯೂಗೆ ಒಪ್ಪಿಕೊಂಡು ನಿದ್ದೆಗೆಟ್ಟು ಹೋಗುವ ಬದಲು ಸಂಜೆ 4ನ್ನು ಕೇಳಬೇಕು, ಅಷ್ಟನ್ನು ಬಲ್ಲೆ. ಸರ್ಕಾರಿ ನೌಕರರು ಬೇರೆ ಹುದ್ದೆಗೆ ಹೋಗುವಾಗ ಇಲಾಖೆಯ ನಿರಾಕ್ಷೇಪಣಾ ಪತ್ರದ ಕೆಲಸವನ್ನು ಮೊದಲೇ ಶುರುಮಾಡಬೇಕು. ಆದರೆ ಒಂದು ದಿನ ತಪ್ಪಿದರೆ ಹಾಜರಾತಿ ಬೋನಸ್ ಕಳೆದುಕೊಳ್ಳುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, 12 ತಾಸಿನ ಪಾಳಿಯ ಸೆಕ್ಯುರಿಟಿಯವರು ಹೊಸ ಕೆಲಸ ನೋಡಲು ಎಲ್ಲಿಂದ ಬಿಡುವು ತರುತ್ತಾರೆ? ಇದನ್ನು ಯಾರಾದರೂ ಕೂತು ಅಧ್ಯಯನ ಮಾಡಬೇಕು. ಪೀಣ್ಯದಲ್ಲೋ ಬೊಮ್ಮನಹಳ್ಳಿಯಲ್ಲೋ ಪಾಳಿ ಬಿಡುವ ಹೊತ್ತಿಗೆ ಹೋಗಿ ಅವರನ್ನೇ ಕೇಳಿ ಬರೆದುಕೊಂಡು ಬರುವವರಿದ್ದರೆ, ಅದಕ್ಕೆ ಒಂದು ಅಧ್ಯಾಯ ಸಾಲದು, ಬೇರೆ ಹೊತ್ತಿಗೆಯೇ ಬೇಕು.