ವಿದೇಶ ಪ್ರವಾಸ: ಹೋಗುವ ಬಾಗಿಲು, ಬರುವ ಬಾಗಿಲು

'ದೇಶ ಸುತ್ತಿ ನೋಡು, ಕೋಶ ಓದಿ ನೋಡು' ಎಂಬುದು ಹಿರಿಯರ ಮಾತು. ಈ ಕಾಲದಲ್ಲಿ ದೇಶ ಸುತ್ತಬಯಸುವವರು ಮೊದಲು ನಿಯಮಗಳ ಕೋಶವನ್ನೇ ಓದಬೇಕಾಗಿದೆ. ಮುಂಬಯಿಯಲ್ಲಿ ನೆಲೆಸಿರುವ ನಮ್ಮವರಲ್ಲಿ ಈಗ ವಿದೇಶ ಪ್ರವಾಸ ಅಪರೂಪದ ಸಂಗತಿಯಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕೆಗೆ ಹೋಗುವ ತಾಯಂದಿರು, ನಿವೃತ್ತಿಯ ಹಣದಲ್ಲಿ ಯುರೋಪು ನೋಡಹೊರಟ ದಂಪತಿಗಳು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿರುವ ನನ್ನ ಮೇಜಿನ ಮುಂದೆ ದಿನವೂ ಬಂದು ಕೂರುತ್ತಾರೆ. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರದ ಪದವೀಧರ. ಆದರೂ ಆರೋಗ್ಯಕ್ಕೆ ಸಂಬಂಧಿಸಿದ ಒಂದು ವಿಷಯವನ್ನು ಪೆಟ್ಟು ತಿಂದು ಕಲಿತಿರುವುದರಿಂದ ಅದನ್ನು ಸಂಘದ ಬಂಧುಗಳ ಮುಂದಿಡುತ್ತಿದ್ದೇನೆ.

ಕಾಗದಗಳೇ ಮಾತನಾಡುತ್ತವೆ

ಬ್ಯಾಂಕಿನಲ್ಲಿ 'ಲೆಟರ್ ಆಫ್ ಕ್ರೆಡಿಟ್' ಎಂಬ ವ್ಯವಹಾರವುಂಟು. ಹಡಗಿನಲ್ಲಿ ಬಂದ ಸರಕು ಉತ್ತಮವೋ ಅಲ್ಲವೋ ಎಂಬುದನ್ನು ಬ್ಯಾಂಕು ನೋಡುವುದಿಲ್ಲ. ಕಾಗದಪತ್ರಗಳು ಷರತ್ತುಗಳಿಗೆ ಹೊಂದುತ್ತವೆಯೇ ಎಂಬುದನ್ನು ಮಾತ್ರ ನೋಡುತ್ತದೆ. ದೇಶದ ಗಡಿಯಲ್ಲಿ ಕುಳಿತ ಅಧಿಕಾರಿಯ ಸ್ಥಿತಿಯೂ ಹೆಚ್ಚುಕಡಿಮೆ ಇದೇ. ನಾವು ಎಷ್ಟು ಸಜ್ಜನರೆಂಬುದು ಅವರಿಗೆ ತಿಳಿಯದು. ನೀವು ಯಾರು, ಏಕೆ ಬಂದಿರಿ, ಖರ್ಚಿಗೆ ಹಣವೆಲ್ಲಿಂದ, ಎಂದು ಮರಳುವಿರಿ, ನಿಮ್ಮೊಡನೆ ರೋಗವೇನಾದರೂ ಬರುತ್ತಿದೆಯೇ ಎಂಬ ಐದು ಪ್ರಶ್ನೆಗಳಿಗೆ ಕಾಗದಗಳೇ ಉತ್ತರ ಹೇಳಬೇಕು.

ಮೊದಲನೆಯ ಪ್ರಶ್ನೆಗೆ ಉತ್ತರ ಪಾಸ್‌ಪೋರ್ಟು. ಪ್ರವಾಸದ ಅವಧಿಯ ಆಚೆಗೂ ಅದಕ್ಕೆ ಆರು ತಿಂಗಳ ಆಯುಸ್ಸಿರಬೇಕೆಂದು ಅನೇಕ ದೇಶಗಳು ಕೇಳುತ್ತವೆ. ನಮ್ಮವರಿಗೆ ಹೆಸರಿನದೇ ಒಂದು ತೊಡಕು. ಊರಿನ ಹೆಸರು, ತಂದೆಯ ಹೆಸರು ಮೊದಲಕ್ಷರಗಳಾಗಿ ಒಂದು ದಾಖಲೆಯಲ್ಲಿ ಮುಂದೆಯೂ ಇನ್ನೊಂದರಲ್ಲಿ ಹಿಂದೆಯೂ ಬರುತ್ತವೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಟಿಕೆಟ್ಟಿನಲ್ಲೂ ವೀಸಾ ಅರ್ಜಿಯಲ್ಲೂ ಹೆಸರಿರಲಿ.

ವೀಸಾ ಎಂದರೆ ಬಾಗಿಲು ತಟ್ಟಲು ದೊರೆತ ಅನುಮತಿ. ಒಳಗೆ ಬಿಡುವುದು ಬಾಗಿಲಲ್ಲಿರುವ ಅಧಿಕಾರಿಗೆ ಸೇರಿದ್ದು. ಅಮೆರಿಕೆಯ ಪ್ರವಾಸಿ ವೀಸಾ ಹತ್ತು ವರ್ಷಗಳದ್ದಾಗಿದ್ದರೂ ಅಲ್ಲಿ ಹತ್ತು ವರ್ಷ ಉಳಿಯಬಹುದೆಂದು ಅರ್ಥವಲ್ಲ. ಪ್ರತಿ ಸಲವೂ ಎಷ್ಟು ಕಾಲ ಇರಬಹುದೆಂಬುದನ್ನು ಅಲ್ಲಿನ ಅಧಿಕಾರಿ ನಿರ್ಧರಿಸುತ್ತಾರೆ. ಯುರೋಪಿನ 29 ದೇಶಗಳ ಷೆಂಗೆನ್ ವಲಯಕ್ಕೆ ಒಂದೇ ವೀಸಾ ಸಾಕು. ಆದರೆ ಯಾವುದೇ 180 ದಿನಗಳಲ್ಲಿ 90 ದಿನಗಳಿಗಿಂತ ಹೆಚ್ಚು ಅಲ್ಲಿರುವಂತಿಲ್ಲ. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆಯಿಲ್ಲದೆ ಆ ವೀಸಾ ದೊರೆಯುವುದೂ ಇಲ್ಲ.

ಹತ್ತು ದಿನಗಳ ಲೆಕ್ಕ

ಈಗ ನನ್ನ ತಪ್ಪಿನ ವೃತ್ತಾಂತ. 2024ರಲ್ಲಿ ಧಾರವಾಡದ ನಮ್ಮ ಅಕ್ಕ ಮತ್ತು ಭಾವನವರು ಕೀನ್ಯಾ ದೇಶದ ಮಸಾಯಿ ಮಾರ ಅರಣ್ಯವನ್ನು ನೋಡಲು ಹೊರಟರು. ಕೀನ್ಯಾ ಆ ವರ್ಷದ ಜನವರಿಯಿಂದ ವೀಸಾ ಪದ್ಧತಿಯನ್ನು ಕೈಬಿಟ್ಟು, ಮುಂಚಿತವಾಗಿಯೇ ಗಣಕಯಂತ್ರದ ಮೂಲಕ ಪ್ರಯಾಣದ ಅನುಮತಿ ಪಡೆಯುವ ಏರ್ಪಾಟನ್ನು ತಂದಿತ್ತು. ಆ ಕೆಲಸವನ್ನೆಲ್ಲ ನಾನೇ ವಹಿಸಿಕೊಂಡೆ. ಅನುಮತಿ, ಟಿಕೆಟ್ಟು, ವಿಮೆ, ಡಾಲರು, ಎಲ್ಲವೂ ಸರಿಯಾಗಿದ್ದವು. ಹಳದಿ ಜ್ವರದ ಲಸಿಕೆ ಬೇಕೆಂಬುದೂ ತಿಳಿದಿತ್ತು. ಹೊರಡುವ ಮೊದಲು ಹಾಕಿಸಿದರಾಯಿತೆಂದು ಭಾವಿಸಿ ಹಿಂದಿನ ದಿನ ಹಾಕಿಸಿದೆ.

ಅವರು ಹೋದರು, ಸಿಂಹಗಳನ್ನು ಕಂಡರು. ಭಾರತದಿಂದ ನೇರವಾಗಿ ಹೋದವರಾದ್ದರಿಂದ ಕೀನ್ಯಾದಲ್ಲಿ ಆ ಪ್ರಮಾಣಪತ್ರವನ್ನು ಯಾರೂ ಕೇಳಲಿಲ್ಲ. ಕೇಳಿದ್ದು ಮರಳಿ ಬಂದಾಗ, ನಮ್ಮ ಮುಂಬಯಿಯ ವಿಮಾನ ನಿಲ್ದಾಣದಲ್ಲಿ. ಲಸಿಕೆಯ ಪ್ರಮಾಣಪತ್ರ ಊರ್ಜಿತವಾಗುವುದು ಹಾಕಿಸಿದ ಹತ್ತು ದಿನಗಳ ನಂತರ. ಇವರು ಮರಳಿದ್ದು ಎಂಟನೆಯ ದಿನ. ಹೊರಗೆ ಹೂವು ಹಿಡಿದು ಕಾದಿದ್ದ ನನಗೆ ಭಾವನವರು ಫೋನಿನಲ್ಲಿ, "ಮೈಗೇನೂ ಆಗಿಲ್ಲಪಾ, ಆ ಕಾಗದಕ್ಕ ಎರಡು ದಿನ ವಯಸ್ಸು ಕಡಿಮಿ ಬಿದ್ದದ" ಎಂದರು. ಇಬ್ಬರನ್ನೂ ಆ ಎರಡು ದಿನ ಪ್ರತ್ಯೇಕ ವಾಸದಲ್ಲಿ ಇರಿಸಿದರು.

ಅಲ್ಲಿ ಅವರಿಗೆ ಯಾವ ಕೊರತೆಯೂ ಆಗಲಿಲ್ಲ. ಆದರೆ ಆ ಎರಡನೆಯ ದಿನವೇ ಧಾರವಾಡದಲ್ಲಿ ಭಾವನವರ ತಮ್ಮನ ಮಗಳ ನಿಶ್ಚಿತಾರ್ಥ. ತಂದೆಯಿಲ್ಲದ ಆ ಹುಡುಗಿಗೆ ಇವರೇ ತಂದೆಯ ಸ್ಥಾನದಲ್ಲಿ ಕುಳಿತು ತಾಂಬೂಲ ಬದಲಿಸಬೇಕಾಗಿತ್ತು. ಬೇರೊಬ್ಬ ಹಿರಿಯರು ಕುಳಿತು ಕಾರ್ಯ ನೆರವೇರಿಸಿದರು. ಠೇವಣಿಗಳ ಅವಧಿಯನ್ನು ದಿನದಿನವೂ ಎಣಿಸುವ ನಾನು ಹತ್ತು ದಿನಗಳನ್ನು ಎಣಿಸಲಿಲ್ಲ. ಭಾವನವರು ಇಂದಿಗೂ ನನ್ನನ್ನು ದೂರಿಲ್ಲ. ಅದೇ ನನಗೆ ಹೆಚ್ಚು ನೋವು.

ಇಷ್ಟು ಕಟ್ಟುನಿಟ್ಟು ಏಕೆ?

ಅಂದು ನನಗೂ ಸಿಟ್ಟು ಬಂದಿತ್ತು. ಕಾರಣ ಓದಿ ತಿಳಿದ ಮೇಲೆ ಸಿಟ್ಟು ಇಳಿಯಿತು. ಹಳದಿ ಜ್ವರವು ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಾ ಖಂಡಗಳ ಅನೇಕ ದೇಶಗಳಲ್ಲಿರುವ ವೈರಸ್ ರೋಗ. ಇದು ಸೊಳ್ಳೆಯಿಂದ ಹರಡುತ್ತದೆಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲಿ ಸೂಚಿಸಿದರು; ವಾಲ್ಟರ್ ರೀಡ್ ಅವರ ತಂಡ 1900ರಲ್ಲಿ ಅದನ್ನು ದೃಢಪಡಿಸಿತು. ಮ್ಯಾಕ್ಸ್ ಥೈಲರ್ 1937ರಲ್ಲಿ ಸಿದ್ಧಪಡಿಸಿದ ಲಸಿಕೆಯೇ ಇಂದಿಗೂ ಬಳಕೆಯಲ್ಲಿದ್ದು, ಅದಕ್ಕಾಗಿ ಅವರಿಗೆ 1951ರ ನೊಬೆಲ್ ಪಾರಿತೋಷಕ ಸಂದಿತು. ರೋಗ ವಿಷಮಿಸಿದರೆ ಕಾಮಾಲೆ, ರಕ್ತಸ್ರಾವಗಳು ತೋರುತ್ತವೆ. ಆ ಹಂತ ತಲುಪಿದವರಲ್ಲಿ ಅರ್ಧದಷ್ಟು ಜನ ಉಳಿಯುವುದಿಲ್ಲ. ಅದನ್ನೇ ಗುರಿಯಾಗಿಟ್ಟ ಔಷಧವಿಲ್ಲ.

ನಮ್ಮ ದೇಶಕ್ಕೆ ಈ ರೋಗ ಇದುವರೆಗೆ ಕಾಲಿಟ್ಟಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇಲ್ಲಿ ಮನೆಮನೆಯಲ್ಲಿದೆ: ಡೆಂಗೀ ತರುವ ಅದೇ ಈಡಿಸ್ ಸೊಳ್ಳೆ. ನಮ್ಮ ಜನರ ರಕ್ತದಲ್ಲಿ ಈ ರೋಗವನ್ನು ತಡೆಯುವ ಶಕ್ತಿಯೂ ಬೆಳೆದಿಲ್ಲ. ಸೋಂಕು ತಗಲಿದ ಒಬ್ಬ ಪ್ರವಾಸಿ ಮಳೆಗಾಲದ ಮುಂಬಯಿಗೆ ಬಂದರೆ ಏನಾದೀತೆಂಬುದನ್ನು ಊಹಿಸಬಹುದು. ಸೋಂಕು ತಗಲಿದ 3ರಿಂದ 6 ದಿನಗಳಲ್ಲಿ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಆದ್ದರಿಂದಲೇ ಪ್ರಮಾಣಪತ್ರವಿಲ್ಲದೆ ಬಂದವರನ್ನು ಆರು ದಿನಗಳವರೆಗೆ, ಅಥವಾ ಪತ್ರ ಊರ್ಜಿತವಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಬೇರೆಯಾಗಿ ಇರಿಸುತ್ತಾರೆ.

ಗಮನಿಸಬೇಕಾದ ಸಂಗತಿಗಳು

ಈ ಲಸಿಕೆಯನ್ನು ಕೇಂದ್ರ ಸರಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಹಾಕಿಸಬೇಕು. ಅಲ್ಲಿ ದಿನ ಗೊತ್ತುಪಡಿಸಿಕೊಳ್ಳಬೇಕಾಗಬಹುದಾದ್ದರಿಂದ ಒಂದು ತಿಂಗಳು ಮೊದಲೇ ವಿಚಾರಿಸುವುದು ಲೇಸು. ಪಾಸ್‌ಪೋರ್ಟನ್ನು ಒಯ್ದು, ಪ್ರಮಾಣಪತ್ರದಲ್ಲಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕ, ಸಹಿ, ಮೊಹರುಗಳನ್ನು ಅಲ್ಲಿಯೇ ಪರಿಶೀಲಿಸಿಕೊಳ್ಳಿ. 2016ರ ಜುಲೈ 11ರಿಂದ ಈ ಪತ್ರ ಜೀವಮಾನವಿಡೀ ಊರ್ಜಿತ, ಆದ್ದರಿಂದ ಜೋಪಾನವಾಗಿಡಿ.

ಇದು ದುರ್ಬಲಗೊಳಿಸಿದ ಜೀವಂತ ವೈರಸ್ಸಿನ ಲಸಿಕೆ. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆ ಒಗ್ಗದವರು, ರೋಗನಿರೋಧಕ ಶಕ್ತಿ ಕುಗ್ಗಿದವರು ವೈದ್ಯರೊಡನೆ ಸಮಾಲೋಚಿಸಿದ ಮೇಲೆಯೇ ಟಿಕೆಟ್ಟಿನ ಮಾತೆತ್ತಬೇಕು.

ನಿತ್ಯದ ಔಷಧಿಗಳನ್ನು ವೈದ್ಯರ ಚೀಟಿಯೊಡನೆ, ಮೂಲ ಹೊದಿಕೆಯಲ್ಲಿಯೇ ಕೈಚೀಲದಲ್ಲಿ ಒಯ್ಯಿರಿ. ನಮ್ಮಲ್ಲಿ ವೈದ್ಯರು ಬರೆದುಕೊಡುವ ಕೆಲವು ನೋವು ನಿವಾರಕಗಳು ಹೊರದೇಶಗಳಲ್ಲಿ ನಿರ್ಬಂಧಿತ. ಅಡುಗೆಮನೆಯ ಸಾಮಾನಿಗೂ ಇದೇ ಮಾತು. ಮಗನಿಗೆ ಪಾಯಸ ಮಾಡಿಕೊಡಲೆಂದು ತಾಯಿ ಕಟ್ಟಿಕೊಂಡ ಗಸಗಸೆ ದುಬಾಯಿಯಲ್ಲಿ ನಿಷಿದ್ಧ ವಸ್ತು!

ಕೊನೆಯದಾಗಿ, ಲೆಕ್ಕಿಗನ ಒಂದು ಸಲಹೆ. ಪ್ರವಾಸದ ಲೆಕ್ಕವನ್ನು ಹೊರಡುವ ದಿನದಿಂದಲ್ಲ, ಮರಳುವ ದಿನದಿಂದ ಹಿಂದಕ್ಕೆ ಎಣಿಸಿರಿ. ನಿಯಮಗಳು ಬದಲಾಗುತ್ತಲೇ ಇರುತ್ತವೆ. ಆದುದರಿಂದ ನೆಂಟರ, ಏಜೆಂಟರ ಮಾತನ್ನಷ್ಟೇ ನಂಬದೆ ಆಯಾ ದೇಶದ ರಾಯಭಾರ ಕಚೇರಿಯಲ್ಲಿ ವಿಚಾರಿಸಿರಿ. ಜೊತೆಗೆ ನಮ್ಮದೇ ಸರಕಾರ ಮರಳಿ ಬರುವಾಗ ಏನು ಕೇಳುತ್ತದೆಂಬುದನ್ನೂ ತಿಳಿದುಕೊಳ್ಳಿರಿ. ನಾನು ಹೋಗುವ ಬಾಗಿಲನ್ನಷ್ಟೇ ನೋಡಿದೆ. ನೀವು ಬರುವ ಬಾಗಿಲನ್ನೂ ನೋಡಿಕೊಳ್ಳಿರಿ. ಸಂಘದ ಎಲ್ಲ ಪ್ರವಾಸಿಗರಿಗೂ ಸುಖ ಪ್ರಯಾಣವನ್ನೂ, ಅದಕ್ಕಿಂತ ಮಿಗಿಲಾಗಿ ಸುಖವಾದ ಮರಳಿಕೆಯನ್ನೂ ಹಾರೈಸುತ್ತೇನೆ.