ನಗರ ಅಂದ್ರೆ ಯಾವುದು? ಲೆಕ್ಕ ಹಾಕೋರು ಯಾರು?

ಡೊಂಬಿವಲಿಯಲ್ಲೋ ಮುಂಬ್ರಾದಲ್ಲೋ ಮನೆ ಮಾಡಿಕೊಂಡಿರುವ ನಮ್ಮವರನ್ನು ಊರಿಗೆ ಹೋದಾಗ "ಎಲ್ಲಿರ್ತೀರಿ?" ಅಂತ ಕೇಳಿ ನೋಡಿ. "ಮುಂಬೈಯಲ್ಲಿ" ಅಂತಲೇ ಹೇಳ್ತಾರೆ. ಅದು ಸುಳ್ಳೇ?

2011ರ ಜನಗಣತಿಯ ಪ್ರಕಾರ ಬೃಹನ್ಮುಂಬೈ ಪಾಲಿಕೆಯ ಗಡಿಯೊಳಗೆ ಇದ್ದವರು ಸುಮಾರು 1.24 ಕೋಟಿ ಜನ. ಅದೇ ಜನಗಣತಿ ಮುಂಬೈಗೆ 1.84 ಕೋಟಿ ಎಂಬ ಇನ್ನೊಂದು ಲೆಕ್ಕವನ್ನೂ ಕೊಡುತ್ತದೆ. ಈ ಎರಡನೆಯದರಲ್ಲಿ ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬೈ ಮುಂತಾದವು ಸೇರಿವೆ. ಹೀಗೆ ಒಂದಕ್ಕೊಂದು ಅಂಟಿಕೊಂಡು ಬೆಳೆದ ಪಟ್ಟಣಗಳ ಗುಂಪನ್ನು ನಗರ ಸಮೂಹ ಅನ್ನುತ್ತಾರೆ. ಎರಡು ಲೆಕ್ಕವೂ ಸರಿಯೇ. ಗಡಿ ಮಾತ್ರ ಬೇರೆ.

ಹಾಗಾದ್ರೆ ಒಂದು ಹಳ್ಳಿ ಯಾವಾಗ ಪಟ್ಟಣ ಆಗುತ್ತದೆ? ನಮ್ಮ ದೇಶದಲ್ಲಿ ಇದಕ್ಕೆ ಎರಡು ದಾರಿ. ಪಾಲಿಕೆ, ಪುರಸಭೆ, ಪಟ್ಟಣ ಪಂಚಾಯತಿ ಎಂದು ಸರ್ಕಾರ ಘೋಷಿಸಿದರೆ ಅದು ಶಾಸನಬದ್ಧ ಪಟ್ಟಣ. ಘೋಷಣೆ ಇಲ್ಲದಿದ್ದರೂ ಜನಗಣತಿಯವರು ಮೂರು ವಿಷಯ ನೋಡುತ್ತಾರೆ: ಕನಿಷ್ಠ 5,000 ಜನಸಂಖ್ಯೆ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ, ಮುಖ್ಯ ದುಡಿಮೆಗಾರರಾದ ಗಂಡಸರಲ್ಲಿ ಕನಿಷ್ಠ ಶೇ. 75 ಮಂದಿಗೆ ಬೇಸಾಯವಲ್ಲದ ಕೆಲಸ. ಮೂರೂ ಇದ್ದರೆ ಅದು ಜನಗಣತಿ ಪಟ್ಟಣ. ಇಂಥವು 2001ರಲ್ಲಿ 1,362 ಇದ್ದವು. 2011ಕ್ಕೆ ಸುಮಾರು 3,900 ಆದವು.

ಗಂಡಸರ ಕೆಲಸ ಮಾತ್ರ ಯಾಕೆ ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಮನೆ ಜಗಲಿಯಲ್ಲಿ ಕೂತು ಬೀಡಿ ಕಟ್ಟುವ, ಬಟ್ಟೆ ಹೊಲಿಯುವ ಹೆಂಗಸರ ದುಡಿಮೆ, ಅದರಿಂದಲೇ ಸಂಸಾರ ನಡೆದರೂ, ಊರು ಪಟ್ಟಣವೋ ಹಳ್ಳಿಯೋ ಎಂದು ತೀರ್ಮಾನಿಸುವಾಗ ಲೆಕ್ಕಕ್ಕೇ ಬರುವುದಿಲ್ಲ.

ಇನ್ನೊಂದು ತೊಡಕಿದೆ. ಜನಗಣತಿ ಪಟ್ಟಣ ಅನ್ನೋದು ಅಂಕಿ-ಅಂಶದ ಪುಸ್ತಕದಲ್ಲಿ ಮಾತ್ರ ಪಟ್ಟಣ. ಆಡಳಿತ ಸಾಮಾನ್ಯವಾಗಿ ಗ್ರಾಮ ಪಂಚಾಯತಿಯದ್ದೇ. ಮಹಡಿ ಮೇಲೆ ಮಹಡಿ ಎದ್ದಿರುತ್ತದೆ. ಒಳಚರಂಡಿ, ಕಸ ವಿಲೇವಾರಿಗೆ ಪಂಚಾಯತಿ ಹತ್ತಿರ ಹಣವೂ ಇಲ್ಲ, ಸಿಬ್ಬಂದಿಯೂ ಇಲ್ಲ. ಹಾಗಂತ ಪುರಸಭೆ ಆಗಲಿ ಎಂದು ಎಲ್ಲರೂ ಬಯಸೋದಿಲ್ಲ. ಆಸ್ತಿ ತೆರಿಗೆ ಏರಬಹುದು, ಗ್ರಾಮೀಣ ಯೋಜನೆಗಳು ಕೈತಪ್ಪಬಹುದು. 2013ರ ಆಹಾರ ಭದ್ರತಾ ಕಾಯ್ದೆಯನ್ನೇ ನೋಡಿ: ದೇಶದ ಗ್ರಾಮೀಣ ಜನರಲ್ಲಿ ಶೇ. 75ರವರೆಗೆ, ನಗರದವರಲ್ಲಿ ಶೇ. 50ರವರೆಗೆ ಮಾತ್ರ ಅದರ ವ್ಯಾಪ್ತಿಗೆ ಬರುತ್ತಾರೆ.

ದೇಶಕ್ಕೊಂದು ನಿಯಮ ಇದ್ದರೆ ಹೋಲಿಸುವುದು ಹೇಗೆ? ಅದಕ್ಕೇ 2020ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಹೊಸ ವಿಧಾನವೊಂದನ್ನು ಒಪ್ಪಿತು. ಭೂಮಿಯನ್ನು ಒಂದೊಂದು ಚದರ ಕಿಲೋಮೀಟರಿನ ಚೌಕಗಳಾಗಿ ಭಾಗಿಸುತ್ತಾರೆ. ಪ್ರತಿ ಚೌಕದಲ್ಲೂ ಕನಿಷ್ಠ 1,500 ಜನರಿದ್ದು, ಅಕ್ಕಪಕ್ಕದ ಅಂಥ ಚೌಕಗಳಲ್ಲಿ ಒಟ್ಟು 50,000 ಜನರಾದರೂ ಇದ್ದರೆ ಅದು ನಗರ. ಇಲ್ಲಿ ಪಾಲಿಕೆ ಗಡಿಯ ಹಂಗಿಲ್ಲ. ಆದರೆ ಜನರ ಕಸುಬನ್ನೂ ಕೇಳುವುದಿಲ್ಲ. ಬೇಸಾಯ ಮಾಡುವ ದಟ್ಟ ಹಳ್ಳಿಗಳೂ ನಗರದ ಲೆಕ್ಕಕ್ಕೆ ಸೇರಿಬಿಡಬಹುದು.

ಆದ್ದರಿಂದ "ಭಾರತದಲ್ಲಿ ನಗರವಾಸಿಗಳು ಶೇ. 31" ಎಂದು 2011ರ ಅಂಕಿಯನ್ನು ಯಾರಾದರೂ ಹೇಳಿದರೆ, ವಿದ್ಯಾರ್ಥಿಗಳು ಮೊದಲು ಕೇಳಬೇಕಾದದ್ದು: ಯಾವ ಗಡಿ? ಯಾವ ಅಳತೆ? ಯಾರ ದುಡಿಮೆ ಬಿಟ್ಟುಹೋಗಿದೆ?