ಈ ಬಾವಿ ಚಿಮ್ಮಿದ್ರೆ ಕಾಯಿ ಒಡೆಯೋಲ್ಲ

ಬೋರ್‌ವೆಲ್ ಕೊರೆಯೋದನ್ನ ನಮ್ಮಲ್ಲಿ ಬಹಳಷ್ಟು ಜನ ನೋಡಿರ್ತೀವಿ. ಲಾರಿ ಬರತ್ತೆ, ಪೂಜೆ ಆಗತ್ತೆ, ರಾತ್ರಿಯಿಡೀ ಸದ್ದು. ಕೊನೆಗೆ ನೀರು ಚಿಮ್ಮಿದ್ರೆ ಮನೆಯವರಿಗೆಲ್ಲ ಹಬ್ಬ. ತೈಲ ಬಾವಿಯಲ್ಲಿ ಇದು ಉಲ್ಟಾ. ಕೊರೆಯುವಾಗ ಒಳಗಿಂದ ಏನಾದ್ರೂ ಚಿಮ್ಮಿದ್ರೆ ಅದು ಹಬ್ಬ ಅಲ್ಲ, ಪ್ರಾಣಕ್ಕೇ ಅಪಾಯ. ಅದಕ್ಕೇ ರಿಗ್ ಕೆಲಸಗಾರರ ತರಬೇತಿಯಲ್ಲಿ ಮುಖ್ಯವಾದ ಪಾಠ ಅಂದ್ರೆ, ಬಾವಿ ಉಕ್ಕದಂತೆ ನೋಡಿಕೊಳ್ಳೋದು, ಉಕ್ಕೋಕೆ ಶುರುವಾದ್ರೆ ಮುಚ್ಚೋದು. ಇದಕ್ಕೆ ವೆಲ್ ಕಂಟ್ರೋಲ್ ಅಂತಾರೆ.

ಮೊದಲ ಪಾಠ: ಕೆಸರು

ಕೊರೆಯುವಾಗ ಡ್ರಿಲ್ ಪೈಪಿನ ಒಳಗಿಂದ ಮಡ್ ಅನ್ನೋ ದ್ರವವನ್ನು ಪಂಪ್ ಮಾಡ್ತಾರೆ. ಸಾಮಾನ್ಯವಾಗಿ ನೀರು, ಬೆಂಟೊನೈಟ್ ಜೇಡಿ, ತೂಕಕ್ಕೆ ಬರೈಟ್ ಪುಡಿ. ಇದು ಕೆಳಗೆ ಬಿಟ್‌ನಿಂದ ಹೊರಬಂದು, ಪೈಪಿಗೂ ಬಾವಿಯ ಗೋಡೆಗೂ ನಡುವೆ ಇರೋ ಜಾಗದಲ್ಲಿ ಮೇಲಕ್ಕೆ ವಾಪಸ್ ಬರತ್ತೆ. ಬಿಟ್ ತಂಪು ಮಾಡತ್ತೆ, ಕಲ್ಲಿನ ಚೂರು ಹೊತ್ತು ತರತ್ತೆ. ಆದ್ರೆ ಅದರ ದೊಡ್ಡ ಕೆಲಸ ಭಾರವಾಗಿ ನಿಲ್ಲೋದು. ಕಲ್ಲಿನೊಳಗಿನ ಗ್ಯಾಸ್ ಮತ್ತು ಎಣ್ಣೆಯ ಒತ್ತಡಕ್ಕಿಂತ ಮಡ್‌ನ ಒತ್ತಡ ಸ್ವಲ್ಪ ಜಾಸ್ತಿ ಇದ್ರೆ ಅವು ಬಾವಿಗೆ ನುಗ್ಗೋಲ್ಲ.

ಲೆಕ್ಕ ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್‌ನ ರೋ-ಜಿ-ಎಚ್ ಅಷ್ಟೇ. ರಿಗ್‌ನಲ್ಲಿ ಅದನ್ನೇ 0.052 × ಮಡ್ ತೂಕ × ಆಳ ಅಂತ ಕಲಿಸ್ತಾರೆ. ತೂಕ ಗ್ಯಾಲನ್‌ಗೆ ಇಷ್ಟು ಪೌಂಡ್ ಅಂತ, ಆಳ ಅಡಿಯಲ್ಲಿ. 10 ಪೌಂಡ್ ಮಡ್, 10,000 ಅಡಿ ಆಳ ಅಂದ್ರೆ ತಳದಲ್ಲಿ 5,200 ಪಿಎಸ್‌ಐ (ಪೊಲೀಸ್ ಅಲ್ಲ, ಒತ್ತಡ!). ಕಾರ್ ಟೈರ್‌ಗೆ ನಾವು ಹಾಕಿಸೋದು ಸುಮಾರು 32. ಹಾಗಂತ ಮಡ್ ತೀರಾ ಭಾರ ಮಾಡೋ ಹಾಗೂ ಇಲ್ಲ. ಕಲ್ಲು ಬಿರುಕು ಬಿಟ್ಟು ಮಡ್ ಅದರೊಳಗೆ ಸೋರಿಹೋಗತ್ತೆ, ಬಾವಿಯಲ್ಲಿ ಮಟ್ಟ ಇಳಿಯತ್ತೆ, ಮತ್ತೆ ಗ್ಯಾಸ್ ನುಗ್ಗತ್ತೆ.

ಎರಡನೇ ಪಾಠ: ಸೂಚನೆ ಓದೋದು

ಹೀಗೆ ಗ್ಯಾಸ್ ಅಥವಾ ಎಣ್ಣೆ ಒಳನುಗ್ಗೋದಕ್ಕೆ ಕಿಕ್ ಅಂತ ಹೆಸರು. ಅದು ಹೇಳದೇ ಕೇಳದೇ ಬರೋದು ಕಡಿಮೆ. ಹಾಕಿದ್ದಕ್ಕಿಂತ ಹೆಚ್ಚು ಮಡ್ ವಾಪಸ್ ಬಂದು ಟ್ಯಾಂಕ್ ಮಟ್ಟ ಏರತ್ತೆ. ಪಂಪ್ ನಿಲ್ಲಿಸಿದ್ರೂ ಹರಿವು ನಿಲ್ಲೋಲ್ಲ. ಪೈಪ್ ಮೇಲೆತ್ತುವಾಗ, ಎತ್ತಿದ ಉಕ್ಕಿನ ಗಾತ್ರದಷ್ಟೇ ಮಡ್ ತುಂಬಬೇಕು. ಅದಕ್ಕಿಂತ ಕಡಿಮೆ ಹಿಡಿಸಿದ್ರೆ ಉಳಿದ ಜಾಗದಲ್ಲಿ ಬೇರೇನೋ ಬಂದು ಕೂತಿದೆ ಅಂತ ಅರ್ಥ.

ತಡ ಮಾಡಿದ್ರೆ ಏನಾಗತ್ತೆ? ಬಾಯ್ಲ್ ನಿಯಮ ನೆನಪಿಸಿಕೊಳ್ಳಿ. ತಾಪಮಾನದ ಲೆಕ್ಕ ಬಿಟ್ರೆ, 5,200 ಪಿಎಸ್‌ಐನಲ್ಲಿದ್ದ ಗ್ಯಾಸ್ ಮೇಲೆ ಬರೋಷ್ಟರಲ್ಲಿ ಸುಮಾರು 350 ಪಟ್ಟು ಹಿಗ್ಗತ್ತೆ. ಹಿಗ್ಗಿದಷ್ಟೂ ಮಡ್‌ನ ಹೊರಗೆ ತಳ್ಳತ್ತೆ, ತಳದ ಒತ್ತಡ ಇನ್ನೂ ಇಳಿಯತ್ತೆ.

ಅದಕ್ಕೇ ಡ್ರಿಲ್ಲರ್‌ಗೆ ಕಲಿಸೋದು: ಕೊರೆಯೋದು ನಿಲ್ಲಿಸು, ಬಿಟ್‌ನ ತಳದಿಂದ ಎತ್ತು, ಪಂಪ್ ನಿಲ್ಲಿಸಿ ಹರಿವು ನೋಡು, ಹರೀತಿದ್ರೆ ಬ್ಲೋಔಟ್ ಪ್ರಿವೆಂಟರ್ ಮುಚ್ಚು. ಮೇಲಿನವರ ಪರ್ಮಿಷನ್‌ಗೆ ಕಾಯಬಾರದು, ಮೊದಲು ಮುಚ್ಚಿ ಆಮೇಲೆ ಕರೀಬೇಕು. ಇದನ್ನ ಸಿಮ್ಯುಲೇಟರ್‌ನಲ್ಲಿ, ರಿಗ್ ಮೇಲಿನ ಡ್ರಿಲ್‌ಗಳಲ್ಲಿ ಮತ್ತೆ ಮತ್ತೆ ಮಾಡಿಸ್ತಾರೆ. ನಮ್ಮ ದೇಶದಲ್ಲಿ ಡೆಹ್ರಾಡೂನ್‌ನ ಒಎನ್‌ಜಿಸಿ ಡ್ರಿಲ್ಲಿಂಗ್ ತಂತ್ರಜ್ಞಾನ ಸಂಸ್ಥೆಯಲ್ಲಿ ಈ ತರಬೇತಿ ಕೊಡ್ತಾರೆ.

ಮೂರನೇ ಪಾಠ: ರೀಡಿಂಗ್ ನಂಬೋದು

2010ರ ಏಪ್ರಿಲ್ 20, ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ರಿಗ್. ಬಾವಿಯನ್ನ ಸಿಮೆಂಟ್ ಹಾಕಿ ಮುಚ್ಚಿದ್ದು ಗಟ್ಟಿಯಾಗಿದೆಯಾ ಅಂತ ಪರೀಕ್ಷೆ ನಡೀತಿತ್ತು. ಬಾವಿಯ ಒತ್ತಡ ಬೇಕಂತಲೇ ಇಳಿಸಿ, ಅದು ಸುಮ್ಮನಿರತ್ತಾ ಅಂತ ನೋಡೋದು. ಡ್ರಿಲ್ ಪೈಪ್ ಗೇಜ್ 1,400 ಪಿಎಸ್‌ಐ ತೋರಿಸ್ತು. ಕಿಲ್ ಲೈನ್ ಅನ್ನೋ ಇನ್ನೊಂದು ಪೈಪಿನಲ್ಲಿ ಹರಿವು ಇರಲಿಲ್ಲ. ಎರಡೂ ಒಂದೇ ಬಾವಿಗೆ ಸೇರಿದ್ದು, ಹೊಂದಿಕೆ ಆಗಬೇಕಿತ್ತು. ಆದ್ರೆ ಅಲ್ಲಿದ್ದವರು 1,400ಕ್ಕೆ ಒಂದು ಕಾರಣ ಹುಡುಕಿ, ಪರೀಕ್ಷೆ ಪಾಸ್ ಅಂತ ಒಪ್ಪಿಕೊಂಡ್ರು. ಅದೇ ರಾತ್ರಿ ಬಾವಿ ಸಿಡಿದು 11 ಜನ ಸತ್ತರು. ಅವರ್ಯಾರೂ ಹೊಸಬರಲ್ಲ, ಫಾರ್ಮುಲಾ ಗೊತ್ತಿಲ್ಲದವರೂ ಅಲ್ಲ.

ನಮ್ಮ ದೇಶದಲ್ಲೂ 2020ರ ಮೇನಲ್ಲಿ ಅಸ್ಸಾಂನ ಬಾಗ್‌ಜಾನ್‌ನಲ್ಲಿ ದುರಸ್ತಿ ನಡೀತಿದ್ದ ಒಂದು ಗ್ಯಾಸ್ ಬಾವಿ ಸಿಡೀತು. ಜೂನ್‌ನಲ್ಲಿ ಹೊತ್ತಿಕೊಂಡ ಬೆಂಕಿ ಆರಿದ್ದು ನವೆಂಬರ್‌ನಲ್ಲಿ. ಅಕ್ಕಪಕ್ಕದ ಹಳ್ಳಿಗಳ ಸಾವಿರಾರು ಜನ ಮನೆ ಬಿಡಬೇಕಾಯ್ತು.

ಇದನ್ನೆಲ್ಲ ಓದುವಾಗ ನಮಗೆ ನೆನಪಾಗಿದ್ದು ನಮ್ಮದೇ ಲ್ಯಾಬ್. ವೆಂಚುರಿಮೀಟರ್ ಎಕ್ಸ್‌ಪೆರಿಮೆಂಟ್‌ನಲ್ಲಿ ಒಂದು ಪಾಯಿಂಟ್ ಗೆರೆಯಿಂದ ದೂರ ಬಿತ್ತು. ನಾವೇನು ಮಾಡಿದ್ವಿ? ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ 'ಅಡ್ಜಸ್ಟ್' ಮಾಡಿ, ಗ್ರಾಫ್ ನೇರ ಮಾಡಿ, ಸೈನ್ ಹಾಕಿಸ್ಕೊಂಡ್ವಿ. ನಮ್ಮ ಬ್ಯಾಚ್‌ನಲ್ಲಿ ಹಾಗೆ ಮಾಡದವರು ಯಾರಾದ್ರೂ ಇದ್ರೆ ಕೈ ಎತ್ತಿ! ಲ್ಯಾಬ್‌ನಲ್ಲಿ ಇದರಿಂದ ಯಾರೂ ಸಾಯಲ್ಲ, ನಿಜ. ಆದ್ರೆ ಅಭ್ಯಾಸ ಅಂತೂ ಆಗತ್ತೆ. ಮುಂದಿನ ಸಲ ರೀಡಿಂಗ್ ಎಡವಟ್ಟಾಗಿ ಬಂದ್ರೆ ಅಳಿಸೋದು ಬೇಡ. ಅದರ ಸುತ್ತ ಒಂದು ವೃತ್ತ ಹಾಕಿ, ಇನ್ನೊಂದು ಸಲ ತಗೊಳ್ಳೋಣ.